ಕಗಪನಾ ಇನ್‌ಸ್ಕ್ರಿಪ್ಟಾ? ಒಂದು ತಿಂಗಳು ಬಳಸಿ ನೋಡಿದ್ದು
ಶಿರಸಿ ದೇವಿಕೆರೆ ಹತ್ರ ನಮ್ದೊಂದು ಸಣ್ಣ ಡಿಟಿಪಿ ಅಂಗಡಿ, ಲಗ್ನಪತ್ರಿಕೆ ಟೈಪ್ ಮಾಡಿ ಮಾಡಿ ಮಣಿಕಟ್ಟು ಹಿಡ್ಕೊಂಡಿತ್ತು, ಅದಕ್ಕೇ ಮೊದ್ಲಿಂದ ಬಳಸ್ತಿದ್ದ ಕಗಪ ಕೀಲಿಮಣೆ ವಿನ್ಯಾಸದ ಜೊತೆಗೆ ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ವಿನ್ಯಾಸ ಒಂದು ತಿಂಗಳು ಕಲ್ತೆ.

ಕಗಪ ಅಂದ್ರೆ ಕೆ.ಪಿ. ರಾವ್ ಅವರ ವಿನ್ಯಾಸ, ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಇರೋದು ಅದೇ. ಇಂಗ್ಲಿಷ್ ಕೀಲಿ ಗೊತ್ತಿದ್ರೆ ಬೇಗ ಕೈ ಕೂರ್ತದೆ. ‘ಅಡಿಕೆ’ ಬೇಕಾ, ಎ, ಡಬ್ಲ್ಯು, ಐ, ಕೆ, ಇ ಒತ್ತಿದ್ರೆ ಮುಗೀತು, ಶಿಫ್ಟೇ ಬೇಡ. ಆದ್ರೆ ದೀರ್ಘ ಬಂದಾಗೆಲ್ಲ ಶಿಫ್ಟು, ‘ಪೂಜಾರಿ’ ಅನ್ನೋ ಒಂದು ಹೆಸರಿಗೇ ಎರಡು ಸಲ, ಕಿರುಬೆರಳಿನ ಗತಿ ಕೇಳ್ಬೇಡಿ!

ಇನ್‌ಸ್ಕ್ರಿಪ್ಟಲ್ಲಿ ಸ್ವರ ಹೆಚ್ಚುಕಮ್ಮಿ ಎಲ್ಲ ಎಡಗೈಗೆ, ಹೆಚ್ಚಿನ ವ್ಯಂಜನ ಬಲಗೈಗೆ, ಅದೇ ‘ಪೂಜಾರಿ’ ಬಲ-ಎಡ ಬಲ-ಎಡ ಅಂತ ಅಕ್ಕಿ ಕುಟ್ಟಿದ ಹಾಗೆ ಹೋಗ್ತದೆ, ಶಿಫ್ಟ್ ಮುಟ್ಟೋದೇ ಇಲ್ಲ. ಮೊದ್ಲ ವಾರ ಮಾತ್ರ ನರಕ, ಹ್ರಸ್ವ ಒಕಾರವಂತೂ ಒಂದರ ಅಂಕಿಗಿಂತ ಎಡಕ್ಕೆ ಮೂಲೇಲಿ ಕೂತಿದೆ, ‘ಕೊಂಕಣಿ’ ಹೊಡೆಯೋಕೆ ಬೆರಳು ಅಲ್ಲಿಗೆ ಚಾಚ್ಬೇಕು. ಆದ್ರೆ ಕಾರವಾರದವ್ರು ದೇವನಾಗರಿಯಲ್ಲೇ ಪತ್ರಿಕೆ ಬೇಕು ಅಂದ್ರೆ ಹೊಸದಾಗಿ ಕಲಿಯೋದೇನಿಲ್ಲ, ಕೀಲಿ ಜಾಗ ಹೆಚ್ಚುಕಮ್ಮಿ ಅದೇ.

ಸ್ಪೀಡು ನಂಗೆ ಇನ್ನೂ ಕಗಪದಲ್ಲೇ ಜಾಸ್ತಿ, ಅರ್ಜೆಂಟ್ ಕೆಲ್ಸ ಅದ್ರಲ್ಲೇ. ಉದ್ದ ಮ್ಯಾಟರ್ ಇದ್ರೆ ಇನ್‌ಸ್ಕ್ರಿಪ್ಟ್, ಸಂಜೆಗೆ ಕೈ ನೋವು ಕಮ್ಮಿ.