ಮದುವೆ ವಿಡಿಯೋ ಸೇವೆ: ಚಿತ್ರ ಸೊಗಸು, ಹಾಡಿನದೇ ತಕರಾರು

ಕಳೆದ ಮಾಘದಲ್ಲಿ ಬಸವನಗುಡಿಯ ಛತ್ರವೊಂದರಲ್ಲಿ ನಡೆದ ನಮ್ಮ ಮಗಳ ಮದುವೆಯ ಚಿತ್ರೀಕರಣವನ್ನು ಜಯನಗರದ ಒಂದು ಸ್ಟುಡಿಯೋಗೆ ವಹಿಸಿದ್ದೆವು. ಎರಡು ದಿನದ ಚಿತ್ರೀಕರಣ, ಆಲ್ಬಂ, ಪೂರ್ಣ ವಿಡಿಯೋ ಮತ್ತು ಆರು ನಿಮಿಷದ ಹೈಲೈಟ್ಸ್ ಸೇರಿ 90,000 ರೂಪಾಯಿ. ಕ್ಯಾಮೆರಾದವರ ಬಗ್ಗೆ ದೂರಿಲ್ಲ. ಧಾರೆಯ ಹೊತ್ತಿಗೆ ಮಂಟಪಕ್ಕೆ ಅಡ್ಡ ನಿಂತು ಪುರೋಹಿತರಿಂದ ಬೈಸಿಕೊಳ್ಳುವವರನ್ನು ಎಷ್ಟೋ ಮದುವೆಗಳಲ್ಲಿ ನೋಡಿದ್ದೇನೆ. ಇವರು ಹಾಗೆ ಮಾಡಲಿಲ್ಲ. ಅಂತರಪಟ ಸರಿದ ಕ್ಷಣದ ಮಗಳ ಮುಖವನ್ನೂ, ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ ಅವಳ ಸೋದರಮಾವನನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದಿದ್ದಾರೆ.

ತೊಡಕು ಇದ್ದದ್ದು ಹೈಲೈಟ್ಸ್‌ನಲ್ಲಿ. ಅದರ ಹಿನ್ನೆಲೆಗೆ ಇತ್ತೀಚಿನ ಎರಡು ಚಿತ್ರಗೀತೆಗಳನ್ನು ಹಾಗೆಯೇ ಕೂರಿಸಿದ್ದರು. ಮಗಳು ಅದನ್ನು ಜಾಲತಾಣವೊಂದಕ್ಕೆ ಏರಿಸಿ, ಮದುವೆಗೆ ಬರಲಾಗದ ಬಂಧುಗಳಿಗೆ ಲಿಂಕ್ ಕಳುಹಿಸಿದ ಸಂಜೆಯೇ ಹಕ್ಕುಸ್ವಾಮ್ಯದ ತಕರಾರು ಬಂದು ವಿಡಿಯೋದ ಧ್ವನಿ ಪೂರ್ತಿ ನಿಂತುಹೋಯಿತು. ಸ್ಟುಡಿಯೋಗೆ ಫೋನ್ ಮಾಡಿದಾಗ, "ಮದುವೆಗೆ ಕಾಪಿರೈಟ್ ಇಲ್ಲ ಸರ್, ಸರ್ಕಾರವೇ ಹೇಳಿದೆ" ಎಂಬ ಉತ್ತರ ಬಂತು.

ಈ ಮಾತು ಅರ್ಧ ನಿಜ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಧಾರ್ಮಿಕ ಸಮಾರಂಭದಲ್ಲಿ ಹಾಡು ಹಾಡುವುದನ್ನೂ ಧ್ವನಿಮುದ್ರಣ ಕೇಳಿಸುವುದನ್ನೂ ಉಲ್ಲಂಘನೆಯ ಲೆಕ್ಕದಿಂದ ಹೊರಗಿಟ್ಟಿದೆ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಇತರ ಸಂಭ್ರಮಗಳೂ ಅದರಲ್ಲಿ ಸೇರುತ್ತವೆಂಬ ವಿವರಣೆ ಅಲ್ಲಿಯೇ ಇದೆ. 2023ರಲ್ಲಿ ಕೇಂದ್ರದ ಕೈಗಾರಿಕೆ ಉತ್ತೇಜನ ಮತ್ತು ಆಂತರಿಕ ವ್ಯಾಪಾರ ಇಲಾಖೆ ಇದನ್ನೇ ನೆನಪಿಸಿ ಪ್ರಕಟಣೆಯನ್ನೂ ಹೊರಡಿಸಿತ್ತು. ಆದರೆ ಆ ವಿನಾಯಿತಿ ಛತ್ರದೊಳಗೆ ಮೊಳಗುವ ಹಾಡಿಗೆ. ಅದೇ ಧ್ವನಿಮುದ್ರಣವನ್ನು ಸಂಕಲನದಲ್ಲಿ ವಿಡಿಯೋಗೆ ಜೋಡಿಸಿದರೆ ಹೊಸ ಪ್ರತಿ ಮಾಡಿದಂತಾಗುತ್ತದೆ, ಜಾಲತಾಣಕ್ಕೆ ಏರಿಸಿದರೆ ಸಾರ್ವಜನಿಕರಿಗೆ ತಲುಪಿಸಿದಂತಾಗುತ್ತದೆ. ಎರಡಕ್ಕೂ ಹಕ್ಕುದಾರರ ಅನುಮತಿ ಬೇಕು. ಹಣ ಪಡೆದು ಜೋಡಿಸಿದವರು ಸ್ಟುಡಿಯೋದವರು, ತಕರಾರು ಬಂದದ್ದು ಮಗಳ ಖಾತೆಗೆ.

ಲಿಂಕನ್ನು ಇತರರಿಗೆ ಹಂಚಿದ ತಾವೂ ತಪ್ಪಿತಸ್ಥರೇನೋ ಎಂದು ನಮ್ಮ ಭಾವನವರು ಗಾಬರಿಯಾಗಿದ್ದರು. ಅದನ್ನು ಉಲ್ಲಂಘನೆಯೆಂದು ಎಣಿಸಬಾರದೆಂಬುದೇ ನನ್ನ ಅಭಿಪ್ರಾಯ. ಬೇರೆಡೆ ಇರುವ ವಿಡಿಯೋದ ಲಿಂಕ್ ಕಳುಹಿಸಿದವರು ಯಾವ ಪ್ರತಿಯನ್ನೂ ಮಾಡಿರುವುದಿಲ್ಲ, ಅದು ಇರುವ ಜಾಗವನ್ನು ತಿಳಿಸಿರುತ್ತಾರೆ, ಅಷ್ಟೆ. ಬಳಕೆದಾರರು ವಿಡಿಯೋ ಲಿಂಕ್‌ಗಳನ್ನು ಹಂಚಿಕೊಳ್ಳುತ್ತಿದ್ದ ಮೈವಿಡ್‌ಸ್ಟರ್ ತಾಣದ ಮೇಲಿನ ತಡೆಯಾಜ್ಞೆಯನ್ನು 2012ರಲ್ಲಿ ರದ್ದುಗೊಳಿಸಿದ ಅಮೆರಿಕದ ಏಳನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ತರ್ಕವೂ ಹೆಚ್ಚುಕಡಿಮೆ ಇದೇ ಆಗಿತ್ತು. ಆ ತೀರ್ಪಿಗೆ ನಮ್ಮ ನ್ಯಾಯಾಲಯಗಳು ಬದ್ಧವಲ್ಲವಾದರೂ ತರ್ಕ ನನಗೆ ಗಟ್ಟಿಯೆನಿಸುತ್ತದೆ. ವಿಡಿಯೋವನ್ನೇ ಇಳಿಸಿಕೊಂಡು ತಮ್ಮ ಚಾನೆಲ್‌ಗೆ ಮತ್ತೆ ಏರಿಸಿಕೊಳ್ಳುವವರ ಮಾತು ಬೇರೆ.

ಸ್ಟುಡಿಯೋದವರೇ ಮಾಡಿದ್ದು ಅದನ್ನು. ನಮ್ಮನ್ನು ಒಂದು ಮಾತೂ ಕೇಳದೆ ಮಗಳ ವಿಡಿಯೋದ ತುಣುಕನ್ನು ತಮ್ಮ ಜಾಹೀರಾತಿಗೆ ಹಾಕಿಕೊಂಡಿದ್ದರು. ಹಣ ಕೊಟ್ಟು ಮಾಡಿಸಿಕೊಂಡ ಚಲನಚಿತ್ರಕ್ಕೆ (ಕಾನೂನಿನ ಭಾಷೆಯಲ್ಲಿ ಮದುವೆಯ ವಿಡಿಯೋ ಕೂಡ ಚಲನಚಿತ್ರವೇ) ಬೇರೆ ಒಪ್ಪಂದವಿಲ್ಲದಿದ್ದರೆ ಮಾಡಿಸಿಕೊಂಡವರೇ ಮೊದಲ ಹಕ್ಕುದಾರರೆಂದು 17ನೇ ಸೆಕ್ಷನ್ ಹೇಳುತ್ತದೆ. ನಮ್ಮ ರಸೀದಿಯಲ್ಲಿ ಅಂಥ ಷರತ್ತೇನೂ ಇರಲಿಲ್ಲ. ಅದನ್ನು ಮುಂದಿಟ್ಟ ಮೇಲೆ ತುಣುಕು ಮಾಯವಾಯಿತು.

ಹಾಡನ್ನು ಬದಲಿಸಿಕೊಡಿ ಎಂದಾಗ ಅವರು ತೋರಿಸಿದ್ದು ಪರವಾನಗಿ ಪಡೆದ ಒಂದು ಗಿಟಾರ್ ಸಂಗೀತ, ಯಾವ ಮದುವೆಗೂ ಹೊಂದದಂಥದ್ದು. ಛತ್ರದಲ್ಲಿಯೇ ಮುದ್ರಿಸಿಕೊಂಡಿದ್ದ ವಾಲಗವನ್ನು ಏಕೆ ಬಳಸಬಾರದೆಂದು ನಾನೇ ಕೇಳಿದೆ. 1847ರಲ್ಲಿ ತೀರಿಕೊಂಡ ತ್ಯಾಗರಾಜರ ಕೃತಿಗಳಿಗೆ ಈಗ ಹಕ್ಕುಸ್ವಾಮ್ಯದ ಅಡ್ಡಿಯಿಲ್ಲ, ಆದರೆ ನುಡಿಸಿದವರಿಗೆ ಕಲಾವಿದರ ಹಕ್ಕು ಉಂಟು. ಆದ್ದರಿಂದ ವಾಲಗದ ಹಿರಿಯರಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದೆವು. ಅವರು ನಕ್ಕು, ಊಟದ ಹೊತ್ತಿನಲ್ಲಿ ನುಡಿಸಿದ ಸಿನಿಮಾ ಹಾಡುಗಳನ್ನು ಮಾತ್ರ ಬಿಡಿ ಎಂದರು. ಡೋಲಿನ ಗಟ್ಟಿಮೇಳವಿರುವ ಹೊಸ ಹೈಲೈಟ್ಸ್ ಮೊದಲನೆಯದಕ್ಕಿಂತ ಎಷ್ಟೋ ಮೇಲು, ಅದಕ್ಕೆ ಯಾವ ತಕರಾರೂ ಬಂದಿಲ್ಲ.

ಚಿತ್ರೀಕರಣಕ್ಕೆ ಐದರಲ್ಲಿ ನಾಲ್ಕೂವರೆ, ಸಂಕಲನಕ್ಕೆ ಎರಡು ಅಂಕ. ಮುಂಗಡ ಕೊಡುವ ಮೊದಲು ಯಾವ ಹಾಡು, ಯಾರ ಅನುಮತಿ, ತುಣುಕುಗಳನ್ನು ಯಾರು ಬಳಸಬಹುದು ಎಂಬುದನ್ನು ಬರೆಸಿಕೊಳ್ಳಿ. ಮರುಸಂಕಲನಕ್ಕೆಂದು ಕಳುಹಿಸಿರುವ 4,000 ರೂಪಾಯಿಯ ಬಿಲ್ಲನ್ನು ನಾನು ಇನ್ನೂ ಪಾವತಿಸಿಲ್ಲ, ಮಾತುಕತೆ ನಡೆದಿದೆ.