ಬೀಳು ಹೊಲ ಕ್ಲೀನ್ ಮಾಡ್ಸೋಕೆ ಸ್ಲ್ಯಾಶರ್ರಾ, ರೋಟಾವೇಟರ್ರಾ?

ನಾಕೈದು ವರ್ಷ ಬೀಳು ಬಿಟ್ಟ ಹೊಲ ಅಂದ್ರೆ ಗೊತ್ತಲ್ಲ, ಕಾಂಗ್ರೆಸ್ ಗಿಡ ಎದೆಮಟ್ಟ, ಬದು ಪೂರ್ತಿ ಲಂಟಾನ, ಮಧ್ಯೆ ಅಲ್ಲಲ್ಲಿ ಬಳ್ಳಾರಿ ಜಾಲಿ. ಬಾಡಿಗೆ ಟ್ರ್ಯಾಕ್ಟರ್‌ನೋರನ್ನ ಕೇಳಿದ್ರೆ "ರೋಟಾವೇಟರ್ ಹೊಡ್ಸಿಬಿಡಿ ಸಾರ್" ಅಂತಾರೆ, ಅಂದ್ರೆ ಟ್ರ್ಯಾಕ್ಟರ್ ಹಿಂದೆ ಕಟ್ಟಿ ಮಣ್ಣು ಅಗೆದು ಪುಡಿ ಮಾಡೋ ಯಂತ್ರ, ಯಾಕಂದ್ರೆ ಅವ್ರ ಹತ್ರ ಇರೋದೇ ಅದು. ಆದ್ರೆ ಎತ್ತರದ ಹಸಿ ಗಿಡಕ್ಕೆ ನೇರ ರೋಟಾವೇಟರ್ ಬಿಟ್ರೆ ಕಡ್ಡಿ ಬಳ್ಳಿ ಎಲ್ಲಾ ಶಾಫ್ಟಿಗೆ ಸುತ್ಕೊಳುತ್ತೆ, ಡ್ರೈವರ್ ಇಳಿದಿಳಿದು ಕುಡ್ಲಲ್ಲಿ ಕೊಯ್ಯೋದೇ ಕೆಲ್ಸ, ಗಂಟೆ ಲೆಕ್ಕದ ಬಾಡಿಗೆ ಮಾತ್ರ ಓಡ್ತಾನೇ ಇರುತ್ತೆ. ಗರಿಕೆ, ಜೇಕು ಇದ್ರಂತೂ ಬೇಡ್ವೇ ಬೇಡ, ಬೇರು ತುಂಡಾಗಿ ಒಂದಿದ್ದಿದ್ದು ಹತ್ತಾಗುತ್ತೆ.

ಸ್ಲ್ಯಾಶರ್ ಹಂಗಲ್ಲ, ಮಣ್ಣು ಮುಟ್ಟಲ್ಲ. ಟ್ರ್ಯಾಕ್ಟರ್ ಹಿಂದಿರೋ ಪಿಟಿಒ (ಯಂತ್ರಗಳಿಗೆ ಶಕ್ತಿ ಕೊಡೋ ತಿರುಗೋ ಶಾಫ್ಟು) ನಿಮಿಷಕ್ಕೆ 540 ಸುತ್ತಲ್ಲಿ ಓಡ್ತಾ ಬ್ಲೇಡ್ ತಿರುಗ್ಸಿ, ನಿಂತಿರೋ ಗಿಡಾನ ಕತ್ರಿಸಿ ಅಲ್ಲೇ ಹಾಸುತ್ತೆ, ಅದೇ ಹೊದಿಕೆ. ತೊಂದ್ರೆ ಏನಪ್ಪಾ ಅಂದ್ರೆ ಕಲ್ಲು ಸಿಡಿಯುತ್ತೆ, ಹಿಂದೆ ಯಾರೂ ನಿಲ್ಬಾರ್ದು. ನಮ್ ಹೊಲದಲ್ಲಿ ಹಳೇ ಮುಳ್ಳುತಂತಿ ಬಿದ್ದಿದ್ದು ಯಾರಿಗೂ ನೆನಪಿರ್ಲಿಲ್ಲ, ಬ್ಲೇಡಿಗೆ ಸುತ್ಕೊಂಡು ಅರ್ಧ ದಿನ ಹೋಯ್ತು. ಮೊದ್ಲು ಗಮ್‌ಬೂಟ್ ಹಾಕಿ ಕೋಲಲ್ಲಿ ಬಡೀತಾ ಒಂದ್ ರೌಂಡ್ ನಡೀರಿ, ಹಾವಿದ್ರೂ ಸರ್ಕೊಳುತ್ತೆ.

ಲಂಟಾನ, ಜಾಲಿಗೆ ಎರಡೂ ಸಾಲಲ್ಲ, ಬುಡದಿಂದ ಮತ್ತೆ ಚಿಗುರುತ್ತೆ. ಅದಕ್ಕೆ ಜೆಸಿಬಿ ಕರ್ಸಿ ಬೇರು ಸಮೇತ ಕೀಳ್ಸಿ, ಹೊಲ ಪೂರ್ತಿ ಗೋರೋಕೆ ಮಾತ್ರ ಬಿಡ್ಬೇಡಿ, ಮೇಲ್ಮಣ್ಣೆಲ್ಲಾ ಬದುಗೆ ಹೋಗಿ ಕೂರುತ್ತೆ.

ತೆಂಗು, ಮಾವು ಇಡೋರಿಗೆ ಸ್ಲ್ಯಾಶರ್ ಸಾಕು. ರಾಗಿ ಬಿತ್ತೋರು ಸ್ಲ್ಯಾಶರ್ ಆಡ್ಸಿ, ಕಸ ಚೆನ್ನಾಗಿ ಒಣಗಿದ್ಮೇಲೆ ರೋಟಾವೇಟರ್ ಹೊಡ್ಸಿ. ಯಾವ್ದೇ ಆದ್ರೂ ಕಾಂಗ್ರೆಸ್ ಗಿಡ ಹೂ ಬಿಡೋ ಮುಂಚೇನೇ ಮಾಡ್ಸಿ, ಬೀಜ ಉದುರಿದ್ಮೇಲೆ ಮಾಡ್ಸಿದ್ರೆ ನೀವೇ ಬಿತ್ತನೆ ಮಾಡಿದ ಹಂಗೆ.