ಫೋನಿನ ಜಿಪಿಎಸ್ ಮತ್ತು ಕಾಗದದ ನಕ್ಷೆ: ಯಾವುದು ಎಲ್ಲಿ ಕೈಹಿಡಿಯುತ್ತದೆ?

ತಿರುವು ತಪ್ಪದಂತೆ ಕರೆದೊಯ್ಯುವುದರಲ್ಲಿ ಫೋನಿನ ಜಿಪಿಎಸ್‌ಗೆ ಸಾಟಿಯಿಲ್ಲ. ಒಬ್ಬರೇ ಗಾಡಿ ಓಡಿಸುವಾಗಲಂತೂ ಅದೇ ಸರಿ. ಸ್ಟೀರಿಂಗ್ ಹಿಡಿದು ನಕ್ಷೆ ಬಿಡಿಸುವುದು ಅಪಾಯ. ಆದರೆ ಹೊರಡುವ ಮೊದಲು ದಾರಿ ತಲೆಗೆ ಹತ್ತಬೇಕಾದರೆ ಕಾಗದವೇ ಮೇಲು.

ಜಿಪಿಎಸ್ ಎಡವುವ ಜಾಗಗಳನ್ನು ತಿಳಿದಿರಬೇಕು. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳ ಪೈಕಿ ಕನಿಷ್ಠ 4ರ ಸಂಕೇತ ಫೋನಿಗೆ ಸಿಗಬೇಕು. ಬಯಲಿನಲ್ಲಿ ಸುಮಾರು 5 ಮೀಟರ್ ವ್ಯತ್ಯಾಸದೊಳಗೆ ಜಾಗ ತೋರಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ಲೆಕ್ಕ ತಪ್ಪಿ, ನೀಲಿ ಚುಕ್ಕೆ ಪಕ್ಕದ ಬೀದಿಗೆ ಹಾರುತ್ತದೆ. ಫ್ಲೈಓವರ್ ಮೇಲಿದ್ದೀರೋ ಕೆಳಗಿನ ಸರ್ವಿಸ್ ರಸ್ತೆಯಲ್ಲಿದ್ದೀರೋ ಎಂಬುದು ಅದಕ್ಕೆ ಎಷ್ಟೋ ಸಲ ತಿಳಿಯುವುದೇ ಇಲ್ಲ. ‘ಎಡಕ್ಕೆ ತಿರುಗಿ’ ಎನ್ನುತ್ತದೆ, ಮೇಲೆ ತಿರುವೇ ಇರುವುದಿಲ್ಲ. ಅಂಥ ಕಡೆ ಪರದೆ ಬಿಟ್ಟು ರಸ್ತೆಯ ಬೋರ್ಡ್ ನಂಬಿ.

ಉಪಗ್ರಹದ ಸಂಕೇತಕ್ಕೆ ಇಂಟರ್‌ನೆಟ್ ಬೇಡ, ಮ್ಯಾಪ್‌ನ ಚಿತ್ರಕ್ಕೆ ಬೇಕು. ನೆಟ್‌ವರ್ಕ್ ಹೋದಾಗ ಚುಕ್ಕೆ ಖಾಲಿ ಪರದೆಯ ಮೇಲೆ ಓಡುತ್ತಿರುವುದು ಇದೇ ಕಾರಣಕ್ಕೆ. ಹಿಂದಿನ ರಾತ್ರಿಯೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ದಾರಿ ಬದಲಿಸಬೇಕಾಗಿ ಬಂದರೆ ಇರಲಿ ಎಂದು ಎರಡೂ ಬದಿಯ ಊರುಗಳು ಸೇರುವಷ್ಟು ಅಗಲವಾಗಿ ಆರಿಸಿ. ಆಗಲೂ ಟ್ರಾಫಿಕ್ ಮಾಹಿತಿ ಸಿಗುವುದಿಲ್ಲ. ಇನ್ನೊಂದು ಮಾತು: ಮುಂದಿನ ಗಾಜಿನ ಬಿಸಿಲಿಗೆ ಫೋನು ಕಾದರೆ ಪರದೆ ಮಂಕಾಗುತ್ತದೆ, ಚಾರ್ಜ್ ಆಗುವುದೂ ನಿಲ್ಲಬಹುದು. ಎಸಿಯ ಗಾಳಿ ತಾಗುವ ಕಡೆ ಸ್ಟ್ಯಾಂಡ್ ಸಿಕ್ಕಿಸಿ.

ಕಾಗದ ಕೊಳ್ಳುವಾಗ ಮೊದಲು ಸ್ಕೇಲ್ ನೋಡಿ. 1:50,000 ನಕ್ಷೆಯಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ.; ನಡೆಯುವವರಿಗೆ ಚೆನ್ನ, ಗಾಡಿಗೆ ಹಾಳೆ ಬೇಗ ಮುಗಿದುಹೋಗುತ್ತದೆ. ಕಾರಿಗೆ 1:2,50,000 ಹದವಾದದ್ದು; ಅದರಲ್ಲಿ 1 ಸೆಂ.ಮೀ. ಅಂದರೆ 2.5 ಕಿ.ಮೀ. ರಸ್ತೆಯ ಅಂಕುಡೊಂಕುಗಳ ಮೇಲೆ ದಾರ ಇಟ್ಟು ಅಳೆಯಿರಿ: 14 ಸೆಂ.ಮೀ. ದಾರ ಅಂದರೆ 35 ಕಿ.ಮೀ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು ಒತ್ತೊತ್ತಾಗಿ ಕೂಡಿದ್ದರೆ ಅಲ್ಲಿ ಕಡಿದಾದ ಏರು. ಸಮಯ ಜಾಸ್ತಿ ಇಟ್ಟುಕೊಳ್ಳಿ. ಮೂಲೆಯಲ್ಲಿ ಮುದ್ರಣದ ವರ್ಷವನ್ನೂ ನೋಡಿ, ಆಮೇಲೆ ಬಂದ ಬೈಪಾಸ್ ಅದರಲ್ಲಿರುವುದಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ನಿಜವಾದ ಲಾಭ. ಎರಡು ನಿಮಿಷ ಉಳಿಯುತ್ತದೆಂದು ಆಪ್ ಓಣಿಯೊಳಗೆ ನುಗ್ಗಿಸುವುದುಂಟು. ಅದೇ ರಸ್ತೆ ನಕ್ಷೆಯಲ್ಲಿ ಸಣ್ಣ ಗೆರೆಯಾಗಿದ್ದರೆ ದೊಡ್ಡ ರಸ್ತೆಯಲ್ಲೇ ಹೋಗಿ. ಮುಖ್ಯ ಕೂಡುರಸ್ತೆಗಳ ಹೆಸರು, ರಸ್ತೆ ಸಂಖ್ಯೆ, ಹೊರಟಲ್ಲಿಂದ ಅಲ್ಲಿಗಿರುವ ಕಿ.ಮೀ. ಇಷ್ಟನ್ನು ದಪ್ಪ ಅಕ್ಷರದಲ್ಲಿ ಒಂದು ಚೀಟಿಗೆ ಬರೆದು, ಹೊರಡುವಾಗ ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಫೋನು ಆರಿದರೂ ಮುಂದಿನ ತಿರುವು ಎಷ್ಟು ದೂರ ಎಂಬುದು ಚೀಟಿ, ಮೀಟರ್ ಎರಡನ್ನೂ ನೋಡಿದರೆ ತಿಳಿಯುತ್ತದೆ.